ಕೆಂಪು ಗಾಡಿಯ ದ್ವೀಪಕ್ಕೆ ಮತ್ತೊಮ್ಮೆ

2008ರಿಂದ 2011ರವರೆಗೆ ಮೂರು ವರ್ಷ, ವಾರಕ್ಕೆ ಐದು ದಿನ, ನಾನು ಇಂಗ್ಲೆಂಡಿನ ದಕ್ಷಿಣ ತೀರದಾಚೆಗಿನ ಐಲ್ ಆಫ್ ವೈಟ್ ದ್ವೀಪದ ಸ್ಯಾಂಡೌನ್ ಎಂಬ ಸಣ್ಣ ಊರಿನಲ್ಲಿ ರೈಲು ಹತ್ತಿ, ಕಡಲಿನ ನಡುವೆ ಇಳಿದು, ಅಲ್ಲಿಂದ ಹಡಗಿನಲ್ಲಿ ಪೋರ್ಟ್ಸ್‌ಮತ್‌ಗೆ ಕೆಲಸಕ್ಕೆ ಹೋಗಿಬರುತ್ತಿದ್ದೆ. ಆ ರೈಲು 1938ರ ಮಾದರಿಯದು. ಲಂಡನ್ನಿನ ನೆಲದಡಿಯ ಸುರಂಗಗಳಲ್ಲಿ ಐವತ್ತು ವರ್ಷ ದುಡಿದು, ಅಲ್ಲಿ ನಿವೃತ್ತಿಯಾದ ಮೇಲೆ ದ್ವೀಪಕ್ಕೆ ಬಂದು ಮತ್ತೆ ಮೂವತ್ತು ವರ್ಷ ಜನರನ್ನು ಹೊತ್ತ ಎರಡು ಬೋಗಿಯ ಕೆಂಪು ಗಾಡಿ. 2021ರ ಜನವರಿ 3ರಂದು ಅದು ಕೊನೆಯ ಬಾರಿ ಓಡಿದಾಗ ಕೊರೊನಾ ನಿರ್ಬಂಧಗಳಿದ್ದವು. ನಾನು ದೂರದ ಲೀಡ್ಸ್‌ನಲ್ಲಿದ್ದೆ. ಬೀಳ್ಕೊಡಲು ಆಗಲಿಲ್ಲವೆಂಬ ಸಂಕಟ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. 2024ರ ಜೂನ್‌ನಲ್ಲಿ ಮೂರು ದಿನ ಬಿಡುವು ಸಿಕ್ಕಿದಾಗ ಹೆಂಡತಿಯನ್ನೂ ಹದಿನೈದು ವರ್ಷದ ಮಗಳನ್ನೂ ಕರೆದುಕೊಂಡು ಹೊರಟೆ. ಮಗಳು ಹುಟ್ಟಿದ್ದು ಆ ದ್ವೀಪದಲ್ಲಿಯೇ, ಆದರೆ ಅವಳಿಗೆ ಅಲ್ಲಿಯದೇನೂ ನೆನಪಿಲ್ಲ.

ಮೊದಲ ದಿನ: ಕಡಲ ಮೇಲಿನ ನಿಲ್ದಾಣ

ಪೋರ್ಟ್ಸ್‌ಮತ್ ಹಾರ್ಬರ್ ನಿಲ್ದಾಣದಲ್ಲಿ ರೈಲಿನಿಂದ ಇಳಿದು ನಾಲ್ಕು ಹೆಜ್ಜೆ ನಡೆದರೆ ಹಡಗಿನ ಕಟ್ಟೆ. ಕ್ಯಾಟಮರಾನ್ ಎನ್ನುವ ಜೋಡಿ ಒಡಲಿನ ವೇಗದ ಹಡಗು ಅಲ್ಲಿಂದ ರೈಡ್ ಪಿಯರ್ ಹೆಡ್‌ಗೆ ಇಪ್ಪತ್ತೆರಡು ನಿಮಿಷದಲ್ಲಿ ತಲುಪಿಸುತ್ತದೆ. ಆದರೆ ಅಂದು ನೈಋತ್ಯದ ಗಾಳಿ ಜೋರಾಗಿತ್ತು. ನಾವು ಹತ್ತಬೇಕಿದ್ದ ಹಡಗು ಹೊರಡಲಿಲ್ಲ, ಮುಂದಿನದಕ್ಕೆ ಒಂದು ಗಂಟೆಗೂ ಮೀರಿ ಕಾಯಬೇಕಾಯಿತು. ದಿನಾ ಓಡಾಡುತ್ತಿದ್ದ ಕಾಲದಲ್ಲಿ ಇಂಥ ಗಾಳಿ ಬೀಸಿದ ದಿನ ನಾವೆಲ್ಲ ಕಟ್ಟೆಯ ಮೇಲೆ ಸಾಲಾಗಿ ನಿಂತು ಆಕಾಶ ನೋಡುತ್ತಿದ್ದುದು ನೆನಪಾಯಿತು. ದ್ವೀಪಕ್ಕೆ ಹೋಗುವವರು ಆ ದಿನವೇ ಮುಂದೆ ಇನ್ನೊಂದು ರೈಲು ಹಿಡಿಯಬೇಕೆಂದಿದ್ದರೆ ನಡುವೆ ಒಂದು ಗಂಟೆಯಾದರೂ ಸಡಿಲ ಬಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ವೇಳಾಪಟ್ಟಿಗಿಂತ ಗಾಳಿಯ ಮಾತೇ ನಡೆಯುತ್ತದೆ.

ರೈಡ್‌ನ ಪಿಯರ್ ಎಂದರೆ ದಡದಿಂದ ಕಡಲೊಳಕ್ಕೆ ಸುಮಾರು ಏಳುನೂರು ಮೀಟರ್ ಚಾಚಿಕೊಂಡ, ಕಂಬಗಳ ಮೇಲೆ ನಿಂತ ಹಾಸು. ಅಲ್ಲಿ ನೀರಿನ ಆಳ ಕಡಿಮೆ. ಇಳಿತದ ಹೊತ್ತಿಗೆ ಮರಳು ಅರ್ಧ ಮೈಲಿ ಬರಿದಾಗುತ್ತದೆ. ಹಿಂದೆ ಹಡಗಿನಿಂದ ಇಳಿದವರನ್ನು ಕೆಸರಿನ ಮೇಲೆ ಗಾಡಿಯಲ್ಲಿ ಹೊತ್ತುತರಬೇಕಾಗಿತ್ತಂತೆ. 1814ರಲ್ಲಿ ಮೊದಲ ಪಿಯರ್ ಆಯಿತು, 1864ರಲ್ಲಿ ಪಕ್ಕದಲ್ಲಿ ಕುದುರೆ ಎಳೆಯುವ ಟ್ರಾಮಿಗೆ ಇನ್ನೊಂದು, 1880ರಲ್ಲಿ ರೈಲಿಗೆ ಮೂರನೆಯದು. ಮೊದಲನೆಯದರ ಮೇಲೆ ಇಂದಿಗೂ ಕಾರುಗಳು ಓಡಾಡುತ್ತವೆ. ಅಡಿಯ ಹಲಗೆಗಳು ಚಕ್ರ ಹಾಯ್ದಾಗಲೆಲ್ಲ ಒಂದೊಂದಾಗಿ ತಟತಟನೆ ಸದ್ದು ಮಾಡುತ್ತವೆ. ಮಗಳು ಕಿವಿಗೊಟ್ಟು ನಿಂತು, "ಅಪ್ಪ, ಯಾರೋ ಮರದ ಏಣಿ ಮೇಲೆ ಕೋಲು ಎಳೆದ ಹಾಗಿದೆ" ಎಂದಳು.

ಈಗ ಓಡುವ ಗಾಡಿಯೂ ಹೊಸದಲ್ಲ. 1978ರಿಂದ 1981ರ ನಡುವೆ ಲಂಡನ್ನಿನ ಡಿಸ್ಟ್ರಿಕ್ಟ್ ಮಾರ್ಗಕ್ಕೆಂದು ಕಟ್ಟಿದ ಬೋಗಿಗಳನ್ನು ಒಳಗಿನಿಂದ ಬಿಚ್ಚಿ, ಹೊಸ ಯಂತ್ರ ಕೂಡಿಸಿ, 2021ರ ನವೆಂಬರ್ 1ರಿಂದ ಓಡಿಸುತ್ತಿದ್ದಾರೆ. ಈ ದ್ವೀಪದ ರೈಲಿನ ಇತಿಹಾಸವೇ ಹಾಗೆ: ಬೇರೆಡೆ ಮುದುಕಾದದ್ದನ್ನು ತಂದು ಬಾಳಿಸುವುದು. 1966ರ ಡಿಸೆಂಬರ್ 31ರಂದು ಉಗಿಬಂಡಿ ನಿಂತಿತು. 1967ರ ಮಾರ್ಚ್‌ನಲ್ಲಿ ವಿದ್ಯುತ್ ರೈಲು ಆರಂಭವಾದಾಗ ಬಂದದ್ದೂ 1920 ಮತ್ತು 30ರ ದಶಕಗಳ ಲಂಡನ್ ಗಾಡಿಗಳೇ. ಇದಕ್ಕೆ ಕಾರಣ ರೈಡ್ ಊರಿನ ಕೆಳಗಿನ ಸುರಂಗ. ಕಡಲಿಗೆ ತೀರ ಹತ್ತಿರದ ಆ ಸುರಂಗದಲ್ಲಿ ನೀರು ನುಗ್ಗುತ್ತಿತ್ತು; ವಿದ್ಯುದೀಕರಣದ ವೇಳೆ ಹಳಿಯನ್ನು ಎತ್ತರಿಸಿದರು. ಹಳಿ ಮೇಲೆದ್ದಷ್ಟೂ ಮೇಲಿನ ಕಮಾನು ತಗ್ಗಿದಂತಾಯಿತು. ಆಗ ಅಲ್ಲಿ ನುಸುಳುವಂತಿದ್ದುದು ಲಂಡನ್ನಿನ ಕೊಳವೆ ಸುರಂಗಗಳಿಗಾಗಿಯೇ ಕುಗ್ಗಿಸಿ ಕಟ್ಟಿದ, ಮೂರು ಮೀಟರ್ ಎತ್ತರವೂ ಇಲ್ಲದ ಗಾಡಿ.

ಹತ್ತಿ ನಿಂತೆವು. ನಾನು ಕೂರಲಿಲ್ಲ. ಪಿಯರ್ ದಾಟಿ, ಎಸ್‌ಪ್ಲನೇಡ್ ನಿಲ್ದಾಣದ ನಂತರ ಸುರಂಗ ಬಂದಿತು; ಸೇಂಟ್ ಜಾನ್ಸ್ ರೋಡ್‌ನಲ್ಲಿ ಗಾಡಿಗಳ ಷೆಡ್ಡು ಕಂಡಿತು. ಅದಾದ ಮೇಲೆ ಒಂದು ಕಡೆ ನನ್ನ ಮೊಣಕಾಲುಗಳು ತಾವಾಗಿಯೇ ಸ್ವಲ್ಪ ಬಾಗಿದವು, ಕೈ ಕಂಬವನ್ನು ಬಿಗಿಯಾಗಿ ಹಿಡಿಯಿತು. ಹಳೆಯ ಗಾಡಿ ಅಲ್ಲಿ ಎತ್ತಿ ಒಗೆಯುತ್ತಿತ್ತು. ಒಂದು ಕಾಲದಲ್ಲಿ ಈ ಮಾರ್ಗದ ಹಳಿಯಡಿಗೆ ಒಡೆದ ಜಲ್ಲಿಯ ಬದಲು ಕಡಲ ತೀರದ ಉರುಟು ಕಲ್ಲುಗಳನ್ನು ಹಾಕಿದ್ದರು. ಉರುಟು ಕಲ್ಲುಗಳು ಒಂದನ್ನೊಂದು ಕಚ್ಚಿ ನಿಲ್ಲುವುದಿಲ್ಲ. ಹಾಗಾಗಿ ಹಳಿ ಕುಸಿದು ಏರುಪೇರಾಗುತ್ತಿತ್ತು, ಗಾಡಿಯೋ ಗಟ್ಟಿ ಸ್ಪ್ರಿಂಗಿನದು. ಕಾಫಿ ಲೋಟವನ್ನು ಎಲ್ಲಿ ತುಟಿಗೆ ತರಬಹುದು, ಎಲ್ಲಿ ತರಬಾರದು ಎಂಬುದು ದಿನದ ಪ್ರಯಾಣಿಕರಿಗೆಲ್ಲ ಬಾಯಿಪಾಠವಾಗಿತ್ತು. ಈಗ ಹಳಿಯನ್ನು ಸರಿಪಡಿಸಿದ್ದಾರೆ. ಗಾಡಿ ಏನೂ ಆಗದಂತೆ ಸಾಗಿತು. ಹದಿಮೂರು ವರ್ಷದ ಮೇಲೂ ದೇಹ ಆ ಏಟಿಗಾಗಿ ಕಾದಿತ್ತೆಂಬುದು ನನ್ನನ್ನು ಬಹಳ ಹೊತ್ತು ಮೌನವಾಗಿಸಿತು.

ಸ್ಯಾಂಡೌನ್‌ನಲ್ಲಿ ಇಳಿದು, ಕಡಲಿಗೆ ಮುಖ ಮಾಡಿದ ಸಣ್ಣ ವಸತಿಗೃಹದಲ್ಲಿ ಚೀಲ ಇಟ್ಟೆವು. ಸಂಜೆ ಗಾಳಿ ತಗ್ಗಿತು. ಕೊಲ್ಲಿಯ ಎಡಗಡೆಗೆ ಕಲ್ವರ್ ಗುಡ್ಡದ ಬಿಳಿ ಸುಣ್ಣದ ಬಂಡೆ ಇಳಿಬಿಸಿಲಿಗೆ ಬೆಣ್ಣೆಯ ಬಣ್ಣಕ್ಕೆ ತಿರುಗಿತ್ತು. ತಂದಿದ್ದ ಚಪಾತಿ ಪಲ್ಯವನ್ನು ಬೆಂಚಿನ ಮೇಲೆ ಕುಳಿತು ತಿಂದೆವು. ಕಡಲಹಕ್ಕಿಗಳಿಂದ ಕಾಪಾಡಿಕೊಳ್ಳುವುದೇ ದೊಡ್ಡ ಕೆಲಸವಾಯಿತು.

ಎರಡನೆಯ ದಿನ: ಹೇವನ್‌ಸ್ಟ್ರೀಟ್

ಬೆಳಿಗ್ಗೆ ಹಳೆಯ ಅಭ್ಯಾಸದಂತೆ ನಿಲ್ದಾಣಕ್ಕೆ ಹತ್ತು ನಿಮಿಷ ಮೊದಲೇ ಹೋದೆ. ನಮ್ಮ ಕಾಲದಲ್ಲಿ ಇಲ್ಲಿ ಗಾಡಿಗಳ ನಡುವಿನ ಅಂತರ ಒಮ್ಮೆ ಇಪ್ಪತ್ತು ನಿಮಿಷ, ಮರುಬಾರಿ ನಲವತ್ತು ನಿಮಿಷ. ಒಂಟಿ ಹಳಿಯ ಮಾರ್ಗದಲ್ಲಿ ಎರಡು ಗಾಡಿಗಳು ಎದುರಾಗಿ ದಾಟಲು ಇದ್ದ ಜಾಗಗಳು ಸರಿಯಾದ ದೂರದಲ್ಲಿ ಇರಲಿಲ್ಲ. ಒಂದು ಗಾಡಿ ತಪ್ಪಿದರೆ ನಲವತ್ತು ನಿಮಿಷ, ಅದರೊಂದಿಗೆ ಹಡಗೂ ತಪ್ಪುತ್ತಿತ್ತು. 2021ರಲ್ಲಿ ಬ್ರೇಡಿಂಗ್‌ನ ದಾಟುಹಳಿಯನ್ನು ಮತ್ತೆ ಹಾಕಿದ ಮೇಲೆ ಅರ್ಧ ಗಂಟೆಗೊಂದು ಗಾಡಿ ಸಾಧ್ಯವಾಗಿದೆ.

ಸ್ಯಾಂಡೌನ್ ಬಿಟ್ಟ ಮೇಲೆ ಬಲಕ್ಕೆ ಬ್ರೇಡಿಂಗ್‌ನ ಜೌಗು ಬಯಲು. ಚಳಿಗಾಲದ ಬೆಳಗಿನಲ್ಲಿ ಅದರ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿರುತ್ತಿತ್ತು. ಆ ಬೆಳಗುಗಳಲ್ಲಿ ನಾನು ಕೂರುತ್ತಿದ್ದುದು ಮುಂದಿನ ಬೋಗಿಯ ನಡುವಿನ ಎದುರುಬದುರು ಆಸನದಲ್ಲಿ, ಕಿಟಕಿಯ ಬದಿಗೆ. ಎದುರಿಗೆ ಉಣ್ಣೆ ಹೆಣೆಯುವ ಒಬ್ಬ ಹೆಂಗಸು. ಮೂರು ವರ್ಷದಲ್ಲಿ ನಾವು ಆಡಿದ ಮಾತು ಹವಾಮಾನದ ಬಗ್ಗೆ ಮಾತ್ರ. ಆದರೆ ಮಗಳು ಹುಟ್ಟಿದ ವಾರ ನಾನು ಬಾರದಿದ್ದುದನ್ನು ಗಮನಿಸಿ, ಮರುವಾರ ಆಕೆ ಬಿಳಿ ಟೋಪಿಯೊಂದನ್ನು ಮಡಿಲಿಗೆ ಹಾಕಿದರು. ಗಾಡಿಯ ಬಾಗಿಲುಗಳು ಮೇಲ್ಛಾವಣಿಯ ಬಾಗಿನವರೆಗೂ ಏರಿದ್ದವು. ನೆಲದಡಿ ಮಳೆ ಬೀಳುವುದಿಲ್ಲವಾದ್ದರಿಂದ ಲಂಡನ್ನಿನ ಸುರಂಗಗಳಲ್ಲಿ ಅದರಿಂದ ತೊಂದರೆಯಿರಲಿಲ್ಲ. ಇಲ್ಲಿ ಮಳೆಗಾಲದ ಪ್ರತಿ ನಿಲ್ದಾಣದಲ್ಲೂ ಬಾಗಿಲು ತೆರೆದೊಡನೆ ಒಂದು ಸಾಲು ನೀರು ಒಳಗೆ ಸುರಿಯುತ್ತಿತ್ತು. ಬಾಗಿಲ ಬಳಿ ನಿಲ್ಲುವವರು ನಿಲ್ದಾಣ ಬರುವ ಮೊದಲು ಅರ್ಧ ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಬಾಗಿಲು ಮುಚ್ಚಿದ ಮೇಲೆ ಮತ್ತೆ ಮುಂದೆ ಬರುತ್ತಿದ್ದರು.

ಸ್ಮಾಲ್‌ಬ್ರೂಕ್ ಜಂಕ್ಷನ್‌ನಲ್ಲಿ ಇಳಿದೆವು. ಕಾಡಿನ ನಡುವಿನ ಈ ನಿಲ್ದಾಣಕ್ಕೆ ರಸ್ತೆಯೇ ಇಲ್ಲ. ಒಂದು ಕಡೆಯಿಂದ ವಿದ್ಯುತ್ ರೈಲು ಬರುತ್ತದೆ, ಇನ್ನೊಂದು ಕಡೆಯಿಂದ ಉಗಿ ರೈಲು. ಉಗಿ ರೈಲು ಓಡುವ ದಿನಗಳಲ್ಲಿ ಮಾತ್ರ ಇಲ್ಲಿ ಗಾಡಿ ನಿಲ್ಲುತ್ತದೆ. ಹೋಗುವ ಮೊದಲು ಆ ದಿನ ನೋಡಿಕೊಳ್ಳದಿದ್ದರೆ ಗಾಡಿಯ ಕಿಟಕಿಯಿಂದಲೇ ನಿಲ್ದಾಣ ನೋಡಿ ಮುಂದೆ ಹೋಗಬೇಕಾಗುತ್ತದೆ.

ಈ ಉಗಿ ರೈಲು ಓಡುವುದು ಐಲ್ ಆಫ್ ವೈಟ್ ಸ್ಟೀಮ್ ರೈಲ್ವೆಯ ಸುಮಾರು ಒಂಬತ್ತು ಕಿಲೋಮೀಟರ್ ಮಾರ್ಗದಲ್ಲಿ. ದ್ವೀಪದ ಹಳಿಗಳನ್ನು ಒಂದೊಂದಾಗಿ ಕಿತ್ತುಹಾಕುತ್ತಿದ್ದ ಕಾಲದಲ್ಲಿ, 1966ರಲ್ಲಿ, ಕೆಲವು ಯುವಕರು ಸಂಘ ಕಟ್ಟಿ, 900 ಪೌಂಡ್ ಹೊಂದಿಸಿ, ಒಂದು ಎಂಜಿನ್ ಕೊಂಡರು. 1891ರಲ್ಲಿ ಲಂಡನ್ನಿನ ನೈನ್ ಎಲ್ಮ್ಸ್ ಕಾರ್ಖಾನೆಯಲ್ಲಿ ತಯಾರಾದ ಆ 'ಕಾಲ್ಬೋರ್ನ್' ತನ್ನ ಜಾತಿಯಲ್ಲಿ ಉಳಿದಿರುವ ಒಂದೇ ಒಂದು. 1971ರ ಜನವರಿ 24ರ ಭಾನುವಾರ ಅವರು ಎಂಜಿನ್ನನ್ನೂ ಬೋಗಿಗಳನ್ನೂ ನ್ಯೂಪೋರ್ಟ್‌ನಿಂದ, ಈಗ ಈ ಉಗಿ ರೈಲಿನ ಮುಖ್ಯ ನಿಲ್ದಾಣವಾಗಿರುವ ಹೇವನ್‌ಸ್ಟ್ರೀಟ್‌ಗೆ ಒಂದೇ ದಿನದಲ್ಲಿ ಸಾಗಿಸಿಬಿಟ್ಟರು. ತಡಮಾಡಿದ್ದರೆ ಸಾಗಿಸಲು ಹಳಿಯೇ ಉಳಿಯುತ್ತಿರಲಿಲ್ಲ.

ಬೋಗಿಗಳ ಕಥೆ ನನಗೆ ಎಂಜಿನ್ನಿಗಿಂತ ಹೆಚ್ಚು ಹಿಡಿಸಿತು. ಅವುಗಳಲ್ಲಿ ಹಲವು, ಓಟ ನಿಂತ ಮೇಲೆ ಚಕ್ರ ಕಳಚಿ ಮಾರಿಹೋಗಿ, ಹೊಲದಲ್ಲಿ ಕೊಟ್ಟಿಗೆಯಾಗಿ, ಕಡಲ ದಂಡೆಯಲ್ಲಿ ರಜೆಯ ಮನೆಯಾಗಿ ದಶಕಗಳ ಕಾಲ ನಿಂತಿದ್ದವು. ಅವನ್ನು ಹುಡುಕಿ ತಂದು, ನಂತರದ ಕಾಲದ ಸಾಮಾನು ಗಾಡಿಗಳ ಅಡಿಚೌಕಟ್ಟನ್ನು ಕತ್ತರಿಸಿ ಅಳತೆಗೆ ತಂದು, ಅದರ ಮೇಲೆ ಕೂಡಿಸಿದ್ದಾರೆ. ನಾವು ಕುಳಿತ ಮೂರನೆಯ ದರ್ಜೆಯ ಕೋಣೆಯಲ್ಲಿ ಕಿಟಕಿ ಇಳಿಸಲು ತೂತುಗಳಿರುವ ಚರ್ಮದ ಪಟ್ಟಿಯಿತ್ತು. ಪಟ್ಟಿಯನ್ನು ಎಳೆದು ಹಿತ್ತಾಳೆಯ ಗುಬ್ಬಿಯಿಂದ ಬಿಡಿಸಿದರೆ ಗಾಜು ಕೆಳಗಿಳಿಯುತ್ತದೆ. ಬೇಕಾದ ಎತ್ತರಕ್ಕೆ ಇನ್ನೊಂದು ತೂತನ್ನು ಗುಬ್ಬಿಗೆ ಸಿಕ್ಕಿಸಬೇಕು. ಮಗಳು ಏರಿಸಿ ಇಳಿಸಿ ಅದನ್ನು ಕಲಿತುಕೊಂಡಳು. ನಡುವಿನ ತೂತು ಬಳಕೆಯಿಂದ ಹಿಗ್ಗಿ ಅಂಡಾಕಾರವಾಗಿತ್ತು. ಬಹುತೇಕರಿಗೆ ಅಷ್ಟೇ ಗಾಳಿ ಬೇಕಾಗಿದ್ದಿರಬೇಕು.

ಹೇವನ್‌ಸ್ಟ್ರೀಟ್‌ನಲ್ಲಿ ಇಳಿದು, ಎಪ್ಪತ್ತು ದಾಟಿದ ಸ್ವಯಂಸೇವಕರೊಬ್ಬರ ಬಳಿ ಕೆಂಪು ಗಾಡಿಯ ವಿಷಯ ಕೇಳಿದೆ. ಕೊನೆಗೆ ಉಳಿದ ಕೆಲವೇ ಜೋಡಿಗಳಲ್ಲಿ 483007 ಎಂಬುದು ಇಲ್ಲಿಗೆ ಬಂದಿದೆ, 483006 ವೇಲ್ಸ್‌ನ ಲನೆಲ್ಲಿಗೆ ಹೋಗಿದೆ ಎಂದು ಓದಿದ್ದೆ. "ನೀವು ಅದರಲ್ಲಿ ಓಡಾಡಿದವರೇ?" ಎಂದು ಅವರು ಕೇಳಿದರು. ಮೂರು ವರ್ಷ, ಸ್ಯಾಂಡೌನ್‌ನಿಂದ ಎಂದೆ. ಗ್ರೀಸ್ ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡು, "ಹಾಗಾದರೆ ಬನ್ನಿ" ಎಂದು ಕರೆದುಕೊಂಡು ಹೋದರು.

ಅದು ನಿಂತಿತ್ತು. ಕೆಂಪು ಬಣ್ಣ ಬಿಸಿಲಿಗೆ ಸ್ವಲ್ಪ ಮಾಸಿತ್ತು. ಬಾಗಿಲ ಕೆಳಅಂಚಿನಲ್ಲಿ ಬಣ್ಣ ಗುಳ್ಳೆಯೆದ್ದು, ಅದರಡಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಪಿಯರ್ ಮೇಲೆ ಅಲೆಯ ಸಿಂಚನದಲ್ಲಿ ಮೂವತ್ತು ವರ್ಷ ಓಡಿದುದರ ಗುರುತು ಅದು. ನಾನು ಉಗುರಿನಿಂದ ಮುಟ್ಟಿದೆ, ಒಂದು ಚೂರು ಬೆರಳಿಗೆ ಅಂಟಿಕೊಂಡಿತು. ಸ್ವಯಂಸೇವಕರು ಹೇಳಿದ ವಿಷಯ ನನ್ನನ್ನು ಚಿಂತೆಗೀಡುಮಾಡಿತು. ಈ ಗಾಡಿಗೆ ಬೇಕಾದ ವಿದ್ಯುತ್ತು ಹಳಿಯ ಪಕ್ಕದ ಮೂರನೆಯ ಹಳಿಯಿಂದ ಬರಬೇಕು. ಉಗಿ ರೈಲಿನ ಮಾರ್ಗದಲ್ಲಿ ಅಂಥದಿಲ್ಲ. ಆದ್ದರಿಂದ ಇದು ಸ್ವಂತ ಬಲದಿಂದ ಇಲ್ಲಿ ಓಡಲಾರದು, ಯಾರಾದರೂ ಎಳೆಯಬೇಕು. ಉಗಿ ಎಂಜಿನ್ನಿಗೆ ಹೊಗೆಯಿದೆ, ಸಿಳ್ಳೆಯಿದೆ, ಅದನ್ನು ನೋಡಲು ಜನ ಬರುತ್ತಾರೆ, ಕಾಣಿಕೆ ಕೊಡುತ್ತಾರೆ. ಕಚೇರಿಗೆ ಹೋಗುವವರು ಪತ್ರಿಕೆ ಓದುತ್ತ ಕುಳಿತಿದ್ದ ವಿದ್ಯುತ್ ಗಾಡಿಯನ್ನು ಉಳಿಸಲು ಹಣ ಕೇಳುವುದು ಕಷ್ಟ ಎಂದರು.

ಈ ಮಾತಿನ ಭಾರ ನನಗೆ ಗೊತ್ತು. ನಮ್ಮ ತಂದೆ ಸಾಗರದಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ಹಳಿಯ ಮೇಲೆ ರೈಲುಬಸ್ಸಿನಲ್ಲಿ ಓಡಾಡಿದವರು. ಬ್ರಾಡ್‌ಗೇಜ್ ಬಂದುದು ಊರಿಗೆ ಒಳ್ಳೆಯದೇ ಆಯಿತು. ಆದರೆ ಆ ರೈಲುಬಸ್ಸಿನ ಒಂದು ಫೋಟೋ ಕೂಡ ನಮ್ಮ ಮನೆಯಲ್ಲಿಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಗಾಡಿಯನ್ನು ಕಣ್ತುಂಬ ನೋಡಿದ್ದೇನೆ, ಅದನ್ನು ಕಾಪಾಡಿದವರ ಬಗ್ಗೆ ಗೌರವವಿದೆ. ದಿನಾ ಹತ್ತುವ ಗಾಡಿಯ ಪಾಡು ಬೇರೆ. ಅದು ನಾಳೆಯೂ ಬರುತ್ತದೆ ಎಂದು ಎಲ್ಲರೂ ನಂಬಿರುತ್ತಾರೆ. ಬಾರದ ದಿನದ ಹೊತ್ತಿಗೆ ಅದರ ಕಬ್ಬಿಣ ಗುಜರಿಗೆ ಹೋಗಿರುತ್ತದೆ. ಈ ದ್ವೀಪದಲ್ಲೂ ಹಾಗೆಯೇ ಆಗುತ್ತಿತ್ತು. ಕೊನೆಯ ವರ್ಷಗಳಲ್ಲಿ ಒಂದು ಗಾಡಿಯ ಬಿಡಿಭಾಗ ಕಳಚಿ ಇನ್ನೊಂದಕ್ಕೆ ಹಾಕಿ, ಷೆಡ್ಡಿನವರು ಎರಡೋ ಒಂದೋ ಜೋಡಿಯನ್ನು ಹೇಗೋ ಓಡಿಸುತ್ತಿದ್ದರು. ಅವರ ಕೈಚಳಕವಿಲ್ಲದಿದ್ದರೆ ಉಳಿಸಿಕೊಳ್ಳಲು ಏನೂ ಉಳಿಯುತ್ತಿರಲಿಲ್ಲ. ಅದಕ್ಕೂ ಮೊದಲು ಬಂದ ಗಾಡಿಗಳಲ್ಲಿ ಐದು ಬೋಗಿಗಳು 1990ರಲ್ಲಿ ಲಂಡನ್ನಿಗೆ ಮರಳಿದವು. 1938ರ ಮಾದರಿಯ ನಾಲ್ಕು ಬೋಗಿಗಳನ್ನು ಲಂಡನ್ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂನವರು ಓಡುವ ಸ್ಥಿತಿಯಲ್ಲಿಯೇ ಇಟ್ಟುಕೊಂಡು, ಆಗೀಗ ಪ್ರಯಾಣಿಕರನ್ನು ಕೂರಿಸಿಕೊಂಡು ಹೊರಡುತ್ತಾರೆ. ನನ್ನ ದೃಷ್ಟಿಯಲ್ಲಿ ಅದೇ ಸರಿಯಾದ ದಾರಿ. ಯಂತ್ರಗಳನ್ನೆಲ್ಲ ಬೋಗಿಯ ತಳದಡಿಗೆ ಸೇರಿಸಿ ಒಳಗಿನ ಜಾಗವನ್ನು ಜನರಿಗೆ ಬಿಟ್ಟುಕೊಟ್ಟದ್ದೇ ಈ ಮಾದರಿಯ ಹೆಚ್ಚುಗಾರಿಕೆ. ಜನ ಕೂರದಿದ್ದರೆ ಅದು ಅರ್ಥವಾಗುವುದಿಲ್ಲ.

"ಒಂದು ನಿಮಿಷ ಕೂತುಕೊಳ್ಳಿ" ಎಂದು ಅವರು ಬಾಗಿಲನ್ನು ಕೈಯಿಂದ ತಳ್ಳಿ ತೆರೆದರು. ನನ್ನ ಆಸನದಲ್ಲಿ ಕುಳಿತೆ. ಹಳೆಯ ಉಣ್ಣೆಬಟ್ಟೆ, ಬ್ರೇಕಿನ ಧೂಳು, ತೇವ ಸೇರಿದ ಅದೇ ವಾಸನೆ. ಇಲ್ಲದಿದ್ದುದು ಕಾಲಡಿಯಲ್ಲಿ ಗಾಳಿ ಒತ್ತಿ ತುಂಬುವ ಯಂತ್ರ ಮಾಡುತ್ತಿದ್ದ ಟುಬುಟುಬು ಸದ್ದು. ಹೆಂಡತಿ ಎದುರಿನ ಆಸನದಲ್ಲಿ ಕುಳಿತು, "ಟೋಪಿ ಹೆಣೆದವರು ಕೂರುತ್ತಿದ್ದುದು ಇಲ್ಲೇ ಅಲ್ಲವೇ?" ಎಂದಳು. ಹೌದೆಂದೆ. ಮಗಳು ಫೋಟೋ ತೆಗೆಯಲು ಫೋನ್ ಎತ್ತಿದವಳು ಹಾಗೆಯೇ ಇಳಿಸಿ, ಅಮ್ಮನ ಪಕ್ಕದಲ್ಲಿ ಬಂದು ಕುಳಿತಳು.

ಅಲ್ಲಿಂದ ಊಟದ ಮನೆಯಲ್ಲಿ ಸ್ಕೋನ್, ಕೆನೆ, ಜಾಮ್ ಸೇವಿಸಿ, ಉಗಿ ಮಾರ್ಗದ ಇನ್ನೊಂದು ತುದಿಯಾದ ವೂಟನ್‌ವರೆಗೆ ಹೋಗಿಬರುವಷ್ಟರಲ್ಲಿ ಆಕಾಶ ಕಪ್ಪಾಯಿತು. ಸ್ಮಾಲ್‌ಬ್ರೂಕ್‌ಗೆ ಮರಳುವಾಗ ಮಳೆ ಧಾರಾಕಾರ. ಅದು ಕೊನೆಯ ಉಗಿ ರೈಲು. ಅಲ್ಲಿ ವಿದ್ಯುತ್ ಗಾಡಿ ತಪ್ಪಿದರೆ ಕಾಡಿನಿಂದ ಹೊರಬರುವ ದಾರಿಯಿಲ್ಲ. ಎದುರಿಗೆ ಗಾಡಿಯ ದೀಪ ಕಂಡದ್ದೇ ಮೂವರೂ ಓಡಿದೆವು. ಗಾಡಿ ಸಿಕ್ಕಿತು. ಸ್ಯಾಂಡೌನ್ ತಲುಪಿ ಚೀಲ ಬಿಚ್ಚಿದಾಗ, ಪುಳಿಯೋಗರೆ ತಂದಿದ್ದ ಸ್ಟೀಲ್ ಡಬ್ಬಿ ಕಾಣಲಿಲ್ಲ. ಅದು ನನ್ನ ಅತ್ತೆಯವರು ಹೆಂಡತಿಗೆ ಮದುವೆಯಲ್ಲಿ ಕೊಟ್ಟದ್ದು, ಮುಚ್ಚಳದ ಮೇಲೆ ಅವಳ ಹೆಸರಿದೆ. ಆ ರಾತ್ರಿ ಅವಳು ಹೆಚ್ಚು ಮಾತಾಡಲಿಲ್ಲ.

ಮೂರನೆಯ ದಿನ: ಹಳಿ ಮುಗಿಯುವಲ್ಲಿ

ಬೆಳಿಗ್ಗೆ ಮೊದಲು ಶ್ಯಾಂಕ್ಲಿನ್‌ಗೆ ಹೋದೆವು. ಹಳಿ ಅಲ್ಲಿಗೆ ಮುಗಿಯುತ್ತದೆ. 1966ರ ಏಪ್ರಿಲ್‌ವರೆಗೆ ಅದು ವೆಂಟ್ನರ್‌ವರೆಗೂ ಹೋಗುತ್ತಿತ್ತು. ಈಗ ಆ ದಾರಿಯಲ್ಲಿ ರಾಕ್ಸಲ್ ಹಳ್ಳಿಯವರೆಗೆ ನಡೆಯಬಹುದು. ಮಳೆ ನಿಂತ ಬೆಳಗಿನಲ್ಲಿ ನಾವು ಅರ್ಧ ದೂರ ನಡೆದು ಮರಳಿದೆವು. ಬ್ಲ್ಯಾಕ್‌ಬೆರಿ ಪೊದೆಗಳು ಹೂಬಿಟ್ಟಿದ್ದವು, ಕೆಸರು ಹಿಮ್ಮಡಿಯವರೆಗೆ ಬಂದಿತ್ತು. ಬ್ರೇಡಿಂಗ್‌ನಲ್ಲಿ ಊರಿನವರು ಹಳೆಯ ನಿಲ್ದಾಣದ ಕಟ್ಟಡವನ್ನೂ ಸಿಗ್ನಲ್ ಪೆಟ್ಟಿಗೆಯನ್ನೂ ಮತ್ತೆ ಸರಿಪಡಿಸಿ ಇಟ್ಟಿದ್ದಾರೆ. ಅಲ್ಲಿ ಕುಡಿದ ಚಹಾ ಮೂರು ದಿನಗಳಲ್ಲೇ ಉತ್ತಮವಾದುದು.

ಮಧ್ಯಾಹ್ನ ಮತ್ತೆ ಸ್ಮಾಲ್‌ಬ್ರೂಕ್, ಮತ್ತೆ ಹೇವನ್‌ಸ್ಟ್ರೀಟ್. ನಿಲ್ದಾಣದ ಕೋಣೆಯಲ್ಲಿ ವಿಚಾರಿಸುವ ಮೊದಲೇ ನಿನ್ನೆಯ ಹಿರಿಯರು ಡಬ್ಬಿಯನ್ನು ಎತ್ತಿ ತೋರಿಸಿದರು. ತೊಳೆದು ಒರೆಸಿದ್ದರು. ಒಳಗೆ ಬೆಣ್ಣೆ ಕಾಗದದಲ್ಲಿ ಸುತ್ತಿದ ಮೂರು ತುಂಡು ಹಣ್ಣಿನ ಕೇಕು. "ಖಾಲಿ ಡಬ್ಬಿ ಹಿಂದಿರುಗಿಸಬಾರದು ಎಂದು ನಮ್ಮ ಮನೆಯಾಕೆ ಹೇಳಿದಳು" ಎಂದರು. ನನ್ನ ಹೆಂಡತಿ, "ನಮ್ಮಲ್ಲೂ ಹಾಗೆಯೇ" ಎಂದವಳು ಮುಂದೆ ಮಾತಾಡಲಾರದೆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಡಬ್ಬಿಯ ಹಿಡಿಗೆ ದಾರದಿಂದ ಕಂದು ಬಣ್ಣದ ರಟ್ಟಿನ ಚೀಟಿ ಕಟ್ಟಿತ್ತು. ಅದರ ಮೇಲೆ ನೀಲಿ ಶಾಯಿಯಲ್ಲಿ, ಬೋಗಿಯ ಸಂಖ್ಯೆ, ಎರಡನೆಯ ಕೋಣೆ, ಎಂಜಿನ್ ಕಡೆಗೆ ಮುಖ, ಕಿಟಕಿಯ ಬದಿ ಎಂದು ಬರೆದಿತ್ತು. ಲೀಡ್ಸ್‌ಗೆ ಬಂದ ಮೇಲೂ ಹೆಂಡತಿ ಆ ಚೀಟಿಯನ್ನು ಬಿಚ್ಚಿಲ್ಲ. ಡಬ್ಬಿ ತೊಳೆಯುವಾಗ ಅದಕ್ಕೆ ನೀರು ತಾಗದಂತೆ ಬೆರಳುಗಳ ನಡುವೆ ಎತ್ತಿ ಹಿಡಿದುಕೊಳ್ಳುತ್ತಾಳೆ.